‘ಕನಾರ್ಟಕ’ವಾಗುವ ಕರ್ನಾಟಕ: ಕನ್ನಡ ದಾಖಲೆಗಳನ್ನು ಸಿದ್ಧಪಡಿಸುವ ತಂತ್ರಾಂಶಗಳ ಬಗ್ಗೆ

ಸಂಪಾದಕರಿಗೆ,

ಮಾನ್ಯರೇ,

ಕಳೆದ ತಿಂಗಳು ನಮ್ಮ ತಾಯಿಯವರಿಗೆ ಒಂದು ಪ್ರಮಾಣಪತ್ರ ಬೇಕಾಗಿತ್ತು. ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ಹೇಳಿದ ದಿನಕ್ಕೆ ಕಚೇರಿಯ ಕೌಂಟರಿನ ಮುಂದೆ ನಿಂತೆವು. ತಾಯಿಯವರ ಹೆಸರಿನ ನಡುವೆ ಒಂದು ‘ಕ್ಷ’ ಇದೆ, ಕೊನೆಯಲ್ಲಿ ಒಂದು ‘ಮ್ಮ’ ಇದೆ. ಕೈಗೆ ಬಂದ ಹಾಳೆಯಲ್ಲಿ ಮೊದಲನೆಯದು ‘ಕ್‌ಷ’ ಎಂದು ಒಡೆದಿತ್ತು, ಎರಡನೆಯದು ‘ಮ್‌ಮ’ ಎಂದಾಗಿತ್ತು. ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ತಾಯಿಯವರು ಹೆಸರಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರವನ್ನು ಓದುತ್ತಾ ಹೋಗಿ, “ಇದು ನನ್ನ ಹೆಸರಲ್ಲಪ್ಪಾ, ಒತ್ತು ಎಲ್ಲಿ ಹೋಯಿತು?” ಎಂದು ಕೇಳಿದರು. ಕೌಂಟರಿನಲ್ಲಿದ್ದ ಸಿಬ್ಬಂದಿ ಒಳ್ಳೆಯವರು. “ನಾವು ಸರಿಯಾಗಿಯೇ ಟೈಪ್ ಮಾಡಿದ್ದೇವಮ್ಮಾ, ನೀವೇ ನೋಡಿ” ಎಂದು ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು. ಪರದೆಯ ಮೇಲೆ ಹೆಸರು ಸರಿಯಾಗಿಯೇ ಇತ್ತು. ಅದೇ ಹೆಸರು ಪಿಡಿಎಫ್ ಆಗಿ ಕಾಗದಕ್ಕೆ ಇಳಿಯುವಷ್ಟರಲ್ಲಿ ಒಡೆದುಹೋಗಿತ್ತು. ಆ ಹಾಳೆಯನ್ನು ಬ್ಯಾಂಕಿಗೆ ಒಯ್ದರೆ, ಪಾಸ್‌ಬುಕ್ಕಿನ ಹೆಸರಿಗೂ ಇದಕ್ಕೂ ಹೊಂದಿಕೆಯಾಗುವುದಿಲ್ಲವೆಂದು ಹಿಂದಿರುಗಿಸಿದರು.

ನಾನು ಹದಿನೈದು ವರ್ಷಗಳಿಂದ ತಂತ್ರಾಂಶ ಬರೆಯುವ ಕೆಲಸದಲ್ಲಿದ್ದೇನೆ. ಅದರಲ್ಲಿ ಹೆಚ್ಚಿನ ಪಾಲು, ದತ್ತಾಂಶದಿಂದ ಹೆಸರು, ವಿಳಾಸ, ದಿನಾಂಕಗಳನ್ನು ತೆಗೆದು ರಸೀದಿ, ಪ್ರಮಾಣಪತ್ರ, ಅಂಕಪಟ್ಟಿಗಳಂಥ ದಾಖಲೆಗಳನ್ನು ತಾನಾಗಿಯೇ ಸಿದ್ಧಪಡಿಸುವ ಪ್ರೋಗ್ರಾಂಗಳದ್ದೇ ಆಗಿದೆ. ಆದ್ದರಿಂದ ತಾಯಿಯವರ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು; ಗೊತ್ತಿದ್ದದ್ದಕ್ಕೇ ಆ ದಿನ ಹೆಚ್ಚು ನೋವಾಯಿತು. ಒತ್ತಕ್ಷರ ಒಡೆಯುವುದು ಕನ್ನಡ ಲಿಪಿಯ ಕೊರತೆಯಲ್ಲ, ಫಾಂಟಿನ ಕೊರತೆಯೂ ಅಲ್ಲ, ಟೈಪ್ ಮಾಡಿದವರ ತಪ್ಪಂತೂ ಅಲ್ಲವೇ ಅಲ್ಲ. ಪ್ರೋಗ್ರಾಂ ಬರೆದವರು ಒಂದು ಹಂತವನ್ನು ಬಿಟ್ಟಿದ್ದಾರೆ, ಅದನ್ನು ಕೊಂಡವರು ಪರೀಕ್ಷಿಸದೆ ಒಪ್ಪಿಕೊಂಡಿದ್ದಾರೆ. ಆ ಹಂತ ಯಾವುದು, ಅದನ್ನು ಪರೀಕ್ಷಿಸುವುದು ಹೇಗೆ ಎಂಬುದನ್ನು ನಿಮ್ಮ ಪತ್ರಿಕೆಯ ಮೂಲಕ ಕಚೇರಿಗಳಿಗೂ, ಶಾಲೆಗಳಿಗೂ, ನನ್ನ ವೃತ್ತಿಯವರಿಗೂ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾಗಿದೆ, ದಯವಿಟ್ಟು ಸಹಿಸಿಕೊಳ್ಳಬೇಕು.

ಗಣಕಯಂತ್ರವು ಕನ್ನಡವನ್ನು ಅಕ್ಷರಗಳಾಗಿ ಇಟ್ಟುಕೊಳ್ಳುವುದಿಲ್ಲ, ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಜಗತ್ತಿನ ಲಿಪಿಗಳ ಚಿಹ್ನೆಗಳಿಗೆ ಸಂಖ್ಯೆ ಕೊಡುವ ಮಾನಕವೇ ಯೂನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗ ದೊರೆತಿದೆ. ‘ಕೃಷ್ಣಮೂರ್ತಿ’ ಎಂಬ ಹೆಸರನ್ನು ನೋಡಿ. ನಮ್ಮ ಲೆಕ್ಕದಲ್ಲಿ ಅದು ನಾಲ್ಕು ಅಕ್ಷರ: ಕೃ, ಷ್ಣ, ಮೂ, ರ್ತಿ. ಯಂತ್ರದ ಲೆಕ್ಕದಲ್ಲಿ ಹನ್ನೊಂದು ಸಂಖ್ಯೆ: ಕ, ವಟ್ರಸುಳಿ, ಷ, ಹಲಂತ (ಸ್ವರವಿಲ್ಲವೆಂದು ತೋರಿಸುವ ಚಿಹ್ನೆ), ಣ, ಮ, ಕೊಂಬಿನ ದೀರ್ಘ, ರ, ಹಲಂತ, ತ, ಗುಡಿಸು. ಉಚ್ಚಾರಣೆಯ ಕ್ರಮದಲ್ಲಿಯೇ ಇವು ಸಾಲಾಗಿ ಕೂತಿರುತ್ತವೆ. ಇಲ್ಲಿ ಗಮನಿಸಬೇಕಾದ ಮಾತೆಂದರೆ, ‘ಷ್ಣ’ದ ಕೆಳಗೆ ಬರುವ ಣ-ಒತ್ತಿಗೆ ಬೇರೆ ಸಂಖ್ಯೆ ಇಲ್ಲ, ‘ರ್ತಿ’ಯ ಅರ್ಕಾವತ್ತಿಗೂ ಬೇರೆ ಸಂಖ್ಯೆ ಇಲ್ಲ. ಇಡೀ ಯೂನಿಕೋಡ್‌ನಲ್ಲಿ ಕನ್ನಡದ ಯಾವ ಒತ್ತಿಗೂ ಸ್ವಂತ ಸಂಖ್ಯೆಯಿಲ್ಲ. ಹಲಂತದ ಮುಂದೆ ಮತ್ತೊಂದು ವ್ಯಂಜನ ಬಂದರೆ ಅದು ಒತ್ತಾಗಬೇಕೆಂಬುದು ನಿಯಮ, ಅಷ್ಟೇ.

ಆದರೆ ಫಾಂಟ್ ಕಡತದೊಳಗೆ ಒತ್ತುಗಳು ಇರುತ್ತವೆ. ಒಳ್ಳೆಯ ಕನ್ನಡ ಫಾಂಟ್‌ನಲ್ಲಿ ಹಲವು ನೂರು ಅಕ್ಷರರೂಪಗಳು, ಅಂದರೆ ಗ್ಲಿಫ್‌ಗಳು, ಬಿಡಿಸಿ ಇಟ್ಟಿರುತ್ತವೆ: ತಲೆಕಟ್ಟಿನ ‘ತ’ ಒಂದು, ಗುಡಿಸು ಸೇರಿ ತಲೆಕಟ್ಟು ಬದಲಾದ ‘ತಿ’ ಇನ್ನೊಂದು, ಒತ್ತಿನ ತ ಮತ್ತೊಂದು. ಇವುಗಳನ್ನು ತಲುಪಲು ಫಾಂಟ್‌ನಲ್ಲಿ ಎರಡು ದಾರಿಗಳಿವೆ. ಮೊದಲನೆಯದು ನೇರವಾದ ಪಟ್ಟಿ. ಈ ಸಂಖ್ಯೆಗೆ ಈ ಗ್ಲಿಫ್ ಎಂದು ಅಲ್ಲಿ ಬರೆದಿರುತ್ತದೆ. ಎರಡನೆಯದು ಬದಲಾವಣೆಯ ಪಟ್ಟಿ. ಈ ಗ್ಲಿಫ್‌ನ ಹಿಂದೆ ಹಲಂತವಿದ್ದರೆ ಅವೆರಡನ್ನೂ ತೆಗೆದು ಈ ಒತ್ತನ್ನು ಇಡು, ‘ರ’ ಮತ್ತು ಹಲಂತ ಮೊದಲಿಗೆ ಬಂದರೆ ಅದನ್ನು ಅರ್ಕಾವತ್ತು ಮಾಡು ಎಂಬಂಥ ಸೂಚನೆಗಳು ಅಲ್ಲಿರುತ್ತವೆ. ಒತ್ತುಗಳಿಗೆ ಸಂಖ್ಯೆಯೇ ಇಲ್ಲವಾದ್ದರಿಂದ ಮೊದಲ ಪಟ್ಟಿಯೊಂದನ್ನೇ ಓದುವ ಪ್ರೋಗ್ರಾಂ ಎಷ್ಟೇ ತಿಣುಕಿದರೂ ಒತ್ತನ್ನು ಮುಟ್ಟಲಾರದು. ಎರಡನೆಯ ಪಟ್ಟಿಯನ್ನು ಓದಿ, ಲಿಪಿಯ ನಿಯಮದಂತೆ ಗ್ಲಿಫ್‌ಗಳನ್ನು ಆರಿಸಿ, ಅವುಗಳ ಜಾಗವನ್ನೂ ಕ್ರಮವನ್ನೂ ಬದಲಿಸುವ ಕೆಲಸಕ್ಕೆ ನಮ್ಮ ವೃತ್ತಿಯಲ್ಲಿ ಶೇಪಿಂಗ್ ಎನ್ನುತ್ತಾರೆ. ಹಿಂದೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು ಹಸ್ತಪ್ರತಿಯನ್ನು ನೋಡಿ, ಯಾವ ಒತ್ತನ್ನು ಯಾವ ಮನೆಯಿಂದ ತೆಗೆಯಬೇಕು, ಅರ್ಕಾವತ್ತನ್ನು ಯಾವ ಅಕ್ಷರದ ಆಚೆಗೆ ಇಡಬೇಕು ಎಂದು ಕೈಯಿಂದ ಮಾಡುತ್ತಿದ್ದ ಕೆಲಸವೇ ಇದು. ಆ ಜೋಡಣೆಗಾರರನ್ನು ಕೈಬಿಟ್ಟು ಅಚ್ಚುಕೂಟ ನಡೆಸಲು ಹೊರಟರೆ ಏನಾಗುತ್ತಿತ್ತೋ ಅದೇ ನಮ್ಮ ತಾಯಿಯವರ ಹೆಸರಿಗೆ ಆಯಿತು.

ಈ ಕೆಲಸ ಮಾಡುವ ತಂತ್ರಾಂಶ ಹೊಸದಾಗಿ ಆಗಬೇಕಾದದ್ದೇನೂ ಅಲ್ಲ. ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್‌ಗಳಲ್ಲಿ ಈ ಕೆಲಸವನ್ನು ಪ್ರತಿಕ್ಷಣವೂ ಮಾಡುತ್ತಿದೆ. ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲು ‘ಸ್ತ್ರೀ’ಯನ್ನೂ ‘ರಾಷ್ಟ್ರ’ವನ್ನೂ ತಪ್ಪಿಲ್ಲದೆ ತೋರಿಸುವುದು ಅದರಿಂದಲೇ, ಕೌಂಟರಿನ ಪರದೆಯ ಮೇಲೆ ಹೆಸರು ಸರಿಯಾಗಿ ಕಂಡಿದ್ದೂ ಅಂಥದೇ ಒಂದು ತಂತ್ರಾಂಶದಿಂದ. ಪಿಡಿಎಫ್ ತಯಾರಿಸುವ ಹಲವು ಲೈಬ್ರರಿಗಳು, ಅಂದರೆ ಪ್ರೋಗ್ರಾಂ ಬರೆಯುವವರು ಎತ್ತಿಕೊಂಡು ಬಳಸುವ ಸಿದ್ಧ ತಂತ್ರಾಂಶಗಳು, ಮಾತ್ರ ಮೂಲತಃ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಅಲ್ಲಿ ಒಂದು ಸಂಖ್ಯೆಗೆ ಒಂದು ಗ್ಲಿಫ್ ಎಂಬ ಲೆಕ್ಕ ಬಹುಮಟ್ಟಿಗೆ ನಡೆಯುತ್ತದೆ, ಕನ್ನಡಕ್ಕೆ ನಡೆಯುವುದಿಲ್ಲ. ಈಗ ಅವುಗಳಲ್ಲಿಯೂ ದಾರಿ ತೆರೆದಿದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಎಫ್‌ಪಿಡಿಎಫ್ 2 ಲೈಬ್ರರಿಯಲ್ಲಿ ಶೇಪಿಂಗ್ ಸೌಲಭ್ಯವನ್ನು ಒಂದೇ ಸಾಲಿನಲ್ಲಿ ಚಾಲೂ ಮಾಡಬಹುದು. ಪಿಎಚ್‌ಪಿ ಭಾಷೆಯ ಎಂಪಿಡಿಎಫ್‌ನಲ್ಲಿ ಫಾಂಟ್ ಹೆಸರಿನ ಜೊತೆಗೆ ಒಂದು ಆಯ್ಕೆ ಸೇರಿಸಬೇಕು. ಪೈಥಾನ್‌ನ ಪಿಲ್ಲೋ ಲೈಬ್ರರಿ ಬಳಸಿ ಚಿತ್ರದ ಮೇಲೆ ಅಕ್ಷರ ಬರೆಯುವವರು ರಕ್ಮ್ ಎಂಬ ಜೊತೆಗಾರ ಲೈಬ್ರರಿ ಇದೆಯೇ ಎಂದು ನೋಡಿಕೊಳ್ಳಬೇಕು. ಇದಾವುದೂ ಬೇಡವೆಂದರೆ ಪುಟವನ್ನು ಜಾಲಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಬರೆದು, ಪರದೆಯಿಲ್ಲದೆ ಓಡುವ ಕ್ರೋಮ್ ಮೂಲಕವೋ ವೀಸಿಪ್ರಿಂಟ್ ಎಂಬ ತಂತ್ರಾಂಶದ ಮೂಲಕವೋ ಪಿಡಿಎಫ್ ಮಾಡಿಸಿಕೊಳ್ಳಬಹುದು. ಇವು ಯಾವುವಕ್ಕೂ ಪರವಾನಗಿ ಶುಲ್ಕ ಕಟ್ಟಬೇಕಾಗಿಲ್ಲ.

“‘ನುಡಿ’ ತಂತ್ರಾಂಶದಲ್ಲಿ ಈ ತೊಂದರೆ ಇರಲಿಲ್ಲ, ಯೂನಿಕೋಡ್ ಬಂದ ಮೇಲೆಯೇ ಶುರುವಾಯಿತು” ಎಂಬ ಮಾತನ್ನು ಕಚೇರಿಗಳಲ್ಲಿ ಹಲವು ಬಾರಿ ಕೇಳಿದ್ದೇನೆ. ಈ ಅನುಭವದಲ್ಲಿ ಸತ್ಯವಿದೆ, ಅದರಿಂದ ತೆಗೆದ ತೀರ್ಮಾನದಲ್ಲಿ ಇಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯಾಗಲಿ, 1998ರಲ್ಲಿ ಬಂದ ‘ಬರಹ’ ತಂತ್ರಾಂಶವಾಗಲಿ, ಆ ಕಾಲದ ಫಾಂಟ್‌ಗಳಲ್ಲಿ 256 ಮನೆಗಳೊಳಗೇ ಕನ್ನಡವನ್ನು ಹಿಡಿಸಬೇಕಾಗಿತ್ತು. ಅಕ್ಷರಗಳನ್ನು ತುಂಡುತುಂಡಾಗಿ ಬಿಡಿಸಿ, ಒತ್ತುಗಳಿಗೂ ಅರ್ಕಾವತ್ತಿಗೂ ಒಂದೊಂದು ಮನೆ ಕೊಟ್ಟು, ಇಂಗ್ಲಿಷಿನ ಮತ್ತು ಐರೋಪ್ಯ ಭಾಷೆಗಳ ಅಕ್ಷರಗಳ ಜಾಗದಲ್ಲಿ ಅವನ್ನು ಕೂರಿಸಿದ್ದರು. ಜೋಡಣೆಯ ಕೆಲಸ ಕೀಲಿಮಣೆಯ ಹಂತದಲ್ಲಿಯೇ ಮುಗಿದುಹೋಗುತ್ತಿತ್ತು; ಮುದ್ರಿಸುವ ಪ್ರೋಗ್ರಾಂ ತಾನು ಇಂಗ್ಲಿಷನ್ನು ಮುದ್ರಿಸುತ್ತಿದ್ದೇನೆಂದೇ ತಿಳಿದಿರುತ್ತಿತ್ತು. ಕನ್ನಡವನ್ನು ಗಣಕಕ್ಕೆ ತಂದ ಆ ಹಿರಿಯರ ಜಾಣ್ಮೆಗೆ ನಾವು ಋಣಿಗಳು. ಆದರೆ ಹಾಗೆ ಉಳಿಸಿಟ್ಟ ಕಡತದಿಂದ ಆ ಫಾಂಟನ್ನು ತೆಗೆದುಬಿಟ್ಟರೆ ಉಳಿಯುವುದು ಯಾರಿಗೂ ಅರ್ಥವಾಗದ ಚಿಹ್ನೆಗಳ ರಾಶಿ. ಹುಡುಕಲು, ಅಕಾರಾದಿಯಾಗಿ ಜೋಡಿಸಲು, ಒಂದು ಇಲಾಖೆಯಿಂದ ಇನ್ನೊಂದಕ್ಕೆ ಕಳುಹಿಸಲು ಅದು ಒದಗುವುದಿಲ್ಲ. ಯೂನಿಕೋಡ್‌ಗೆ ಬಂದದ್ದು ಸರಿಯಾದ ಹೆಜ್ಜೆ. ಬರುವಾಗ ಜೋಡಣೆಯ ಹೊಣೆ ಕೀಲಿಮಣೆಯಿಂದ ಮುದ್ರಣದ ಕಡೆಗೆ ದಾಟಿದ್ದನ್ನು ಹಲವರು ಗಮನಿಸಲಿಲ್ಲ, ತೊಡಕು ಇರುವುದು ಅಲ್ಲಿ.

ಗಮನಿಸದವರಲ್ಲಿ ನಾನೂ ಒಬ್ಬನಾಗಿದ್ದೆ. ವೃತ್ತಿಗೆ ಬಂದ ಹೊಸತರಲ್ಲಿ ಒಂದು ಶಾಲೆಗಾಗಿ ಪ್ರೋಗ್ರಾಂ ಬರೆದು, ಸುಮಾರು ಮುನ್ನೂರು ಮಕ್ಕಳ ಹಾಳೆಗಳನ್ನು ಒಂದೇ ರಾತ್ರಿಯಲ್ಲಿ ತಯಾರಿಸಿ ಕಳುಹಿಸಿದೆ. ಮರುದಿನ ಮುಖ್ಯೋಪಾಧ್ಯಾಯರು ಕರೆ ಮಾಡಿ, “ಮೇಲ್ಗಡೆಯ ದೊಡ್ಡಕ್ಷರವನ್ನಾದರೂ ಒಮ್ಮೆ ಓದಿದ್ದೀರಾ ಸಾರ್?” ಎಂದರು. ಶೀರ್ಷಿಕೆಯೇ ‘ಪ್‌ರಮಾಣಪತ್‌ರ’ ಎಂದಾಗಿತ್ತು. ನಾನು ಇಂಗ್ಲಿಷ್ ಪ್ರತಿಯನ್ನು ಮಾತ್ರ ಪರಿಶೀಲಿಸಿ, ಕನ್ನಡದ್ದೂ ಹಾಗೆಯೇ ಬರುತ್ತದೆಂದು ನಂಬಿದ್ದೆ. ಕನ್ನಡ ಮಾತೃಭಾಷೆಯವನಾಗಿ, ಕನ್ನಡ ಮಾಧ್ಯಮದಲ್ಲಿಯೇ ಓದಿದವನಾಗಿ, ಕನ್ನಡದ ಹಾಳೆಯನ್ನು ಒಮ್ಮೆ ಓದಿ ನೋಡದೆ ಮುನ್ನೂರು ಮಕ್ಕಳಿಗೆ ಕಳುಹಿಸಿದೆನೆಂಬುದು ಇಂದಿಗೂ ನನ್ನನ್ನು ಕಾಡುತ್ತದೆ. ಮುನ್ನೂರನ್ನೂ ಹಿಂದಕ್ಕೆ ತರಿಸಿಕೊಂಡು ಹೊಸದಾಗಿ ಮಾಡಿಕೊಟ್ಟೆ.

ಹೊಸದಾಗಿ ಮಾಡುವಾಗ ಇನ್ನೆರಡು ಪಾಠಗಳಾದವು. ಶೇಪಿಂಗ್ ಸರಿಯಾದ ಮೇಲೆ ಒತ್ತುಗಳು ಬಂದವು. ಆದರೆ ಕೋಷ್ಟಕದೊಳಗಿನ ಹೆಸರುಗಳಲ್ಲಿ ಅವುಗಳ ಬುಡ ಕತ್ತರಿಸಿಹೋಗಿತ್ತು. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಗಳ ಅಳತೆಗೆ ನಿಗದಿ ಮಾಡಿದ್ದೆ. ಕನ್ನಡದಲ್ಲಿ ‘ರಾಷ್ಟ್ರ’ದ ‘ಷ್ಟ್ರ’ಕ್ಕೆ, ‘ಸ್ತ್ರೀ’ಗೆ ಎರಡೆರಡು ಒತ್ತುಗಳು ಬರುತ್ತವೆ. ಅವು ಸಾಲಿನ ಕೆಳಗೆ ಸಾಕಷ್ಟು ಇಳಿಯುತ್ತವೆ, ಮೇಲೆ ಗುಡಿಸು, ಏತ್ವಗಳು ಏರುತ್ತವೆ. ಎತ್ತರವನ್ನು ಬಿಗಿಯಾಗಿ ಕಟ್ಟಿದರೆ ಒಂದು ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ, ಇಲ್ಲವೇ ಗೆರೆಯ ಅಂಚಿನಲ್ಲಿ ಮಾಯವಾಗುತ್ತದೆ. ‘ತ’ದ ಒತ್ತಿನ ಬುಡ ಹೋದರೆ ಅದು ಯಾವ ಒತ್ತೆಂದು ಓದುವವರು ಊಹಿಸಬೇಕಾಗುತ್ತದೆ. ಹೆಸರನ್ನು ಊಹಿಸಿ ಓದುವ ದಾಖಲೆಗೆ ಬೆಲೆಯೇನು? ಅಲ್ಲಿಂದೀಚೆಗೆ ನಾನು ಎತ್ತರವನ್ನು ಫಾಂಟ್‌ನಿಂದಲೇ ಕೇಳಿ ಪಡೆಯುತ್ತೇನೆ, ‘ರಾಷ್ಟ್ರ’ದ ಕೆಳಗೆ ‘ಕೀರ್ತಿ’ ಇಟ್ಟು ನೋಡುತ್ತೇನೆ.

ಎರಡನೆಯ ಪಾಠ ಇನ್ನೂ ಗಂಭೀರವಾದದ್ದು, ಮತ್ತು ಕಣ್ಣಿಗೆ ಕಾಣದ್ದು. ಹಾಳೆ ಈಗ ಸುಂದರವಾಗಿತ್ತು. ಅದರಿಂದ ಊರಿನ ವಿಳಾಸವನ್ನು ನಕಲು ಮಾಡಿ ಬೇರೊಂದು ಕಡತಕ್ಕೆ ಅಂಟಿಸಿದೆ. ‘ಕರ್ನಾಟಕ’ ಎಂದು ಕಾಣುತ್ತಿದ್ದದ್ದು ‘ಕನಾರ್ಟಕ’ ಎಂದು ಬಂದಿತು. ನಿಮ್ಮ ಓದುಗರಲ್ಲಿ ಪಿಡಿಎಫ್‌ನಿಂದ ಕನ್ನಡವನ್ನು ನಕಲು ಮಾಡಿದವರೆಲ್ಲರೂ ಈ ರೂಪವನ್ನು ಕಂಡಿರುತ್ತಾರೆ: ‘ವರ್ಷ’ವು ‘ವಷರ್’ ಆಗುತ್ತದೆ, ‘ಅರ್ಜಿ’ಯು ‘ಅಜಿರ್’ ಆಗುತ್ತದೆ, ‘ಕಾರ್ಯಕ್ರಮ’ವು ‘ಕಾಯರ್ಕ್ರಮ’ವಾಗುತ್ತದೆ, ಕೃಷ್ಣಮೂರ್ತಿಯವರು ‘ಕೃಷ್ಣಮೂತಿರ್’ ಆಗುತ್ತಾರೆ. ಇದಕ್ಕೆ ಕಾರಣವನ್ನು ಹೇಳುತ್ತೇನೆ. ಪಿಡಿಎಫ್ ಎಂಬುದು ಮೂಲತಃ ಯಾವ ಗ್ಲಿಫ್ ಕಾಗದದ ಯಾವ ಜಾಗದಲ್ಲಿ ಕೂರಬೇಕು ಎಂಬುದರ ದಾಖಲೆ. ನಾವು ಉಚ್ಚರಿಸುವಾಗ ‘ರ್’ ಮೊದಲು, ‘ನಾ’ ಆಮೇಲೆ. ಬರೆಯುವಾಗ ‘ನಾ’ ಮೊದಲು, ಅರ್ಕಾವತ್ತು ಆಮೇಲೆ. ಶೇಪಿಂಗ್ ಮಾಡಿದ ತಂತ್ರಾಂಶ ಗ್ಲಿಫ್‌ಗಳನ್ನು ಬರವಣಿಗೆಯ ಕ್ರಮದಲ್ಲಿ ಪಿಡಿಎಫ್‌ಗೆ ಒಪ್ಪಿಸುತ್ತದೆ. ನಕಲು ಮಾಡುವಾಗ ಓದುಗ ತಂತ್ರಾಂಶವು ಒಂದೊಂದು ಗ್ಲಿಫ್‌ಗೂ ಅದರ ಸಂಖ್ಯೆ ಯಾವುದೆಂದು ಒಳಗಿನ ಒಂದು ಕೋಷ್ಟಕದಲ್ಲಿ ನೋಡಿ, ಕಂಡ ಕ್ರಮದಲ್ಲಿಯೇ ಪೋಣಿಸುತ್ತದೆ. ಹೀಗಾಗಿ ‘ಕರ್ನಾಟಕ’ದ ಏಳು ಸಂಖ್ಯೆಗಳೂ ಉಳಿಯುತ್ತವೆ, ಅವುಗಳ ಸಾಲು ಮಾತ್ರ ತಪ್ಪುತ್ತದೆ. ಆ ಕೋಷ್ಟಕವನ್ನೇ ಇಡದ ಪ್ರೋಗ್ರಾಂಗಳೂ ಇವೆ. ಅವುಗಳ ಹಾಳೆಯಿಂದ ನಕಲು ಮಾಡಿದರೆ ಕನ್ನಡವೇ ಬರುವುದಿಲ್ಲ.

ಇದಕ್ಕೂ ಪರಿಹಾರ ಪಿಡಿಎಫ್ ಮಾನಕದಲ್ಲಿಯೇ ಇದೆ. ಕೆಲವು ಗ್ಲಿಫ್‌ಗಳನ್ನು ಒಂದು ಗುಂಪು ಮಾಡಿ, ಈ ಗುಂಪಿನ ನಿಜವಾದ ಪಠ್ಯ ಇದು ಎಂದು ಪಕ್ಕದಲ್ಲಿ ಬರೆದಿಡುವ ಅವಕಾಶವಿದೆ. ಅದಕ್ಕೆ ‘ಆ್ಯಕ್ಚುಯಲ್ ಟೆಕ್ಸ್ಟ್’ ಎಂದು ಹೆಸರು. ‘ರ್ನಾ’ ಎಂಬ ಅಕ್ಷರಕ್ಕೆ ಸೇರಿದ ಗ್ಲಿಫ್‌ಗಳಿಗೆ ‘ರ್ನಾ’ ಎಂದೇ ಬರೆದಿಟ್ಟರೆ ನಕಲೂ ಸರಿಯಾಗಿ ಬರುತ್ತದೆ, ಹುಡುಕಾಟವೂ ಸರಿಯಾಗುತ್ತದೆ. ಯಾವ ಉಪಕರಣ ಇದನ್ನು ತಾನಾಗಿ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂಬುದನ್ನು ಆರಿಸಿಕೊಳ್ಳುವಾಗಲೇ ಪರೀಕ್ಷಿಸಿ ತಿಳಿಯಬೇಕು. ಹೊರನೋಟಕ್ಕೆ ಎರಡರ ಹಾಳೆಗಳೂ ಒಂದೇ ರೀತಿ ಕಾಣುತ್ತವೆ.

ಕಾಣುವುದು ಸರಿಯಿದ್ದ ಮೇಲೆ ಒಳಗೇನಿದ್ದರೇನು ಎಂದು ಕೇಳುವವರಿದ್ದಾರೆ. ಸಾವಿರಾರು ಪುಟಗಳ ಆದೇಶಗಳಲ್ಲಿ ‘ವರ್ಗಾವಣೆ’ ಎಂದು ಹುಡುಕಿ, ಒಂದೂ ಸಿಗದೆ, ಅಂಥ ಆದೇಶವೇ ಇಲ್ಲವೆಂದು ನಂಬಿ ಹಿಂದಿರುಗುವವರನ್ನು ನೆನೆಯಬೇಕು. ಅದಕ್ಕಿಂತ ಮುಖ್ಯವಾಗಿ, ಕಣ್ಣು ಕಾಣದವರನ್ನು ನೆನೆಯಬೇಕು. ನನ್ನ ಸಹೋದ್ಯೋಗಿಯೊಬ್ಬರು ದೃಷ್ಟಿಹೀನರು. ಎನ್‌ವಿಡಿಎ ಎಂಬ ತೆರೆಯೋದುಗ ತಂತ್ರಾಂಶದ ಮೂಲಕ ಕನ್ನಡವನ್ನು ಕೇಳಿಸಿಕೊಂಡು ಕೆಲಸ ಮಾಡುತ್ತಾರೆ. ಅವರಿಗೆ ಹಾಳೆಯ ಅಂದಚೆಂದ ಎಂಬುದಿಲ್ಲ, ಒಳಗಿನ ಸಂಖ್ಯೆಗಳ ಸಾಲೇ ಅವರ ಪಾಲಿನ ಹಾಳೆ. ಒಂದು ಸುತ್ತೋಲೆಯನ್ನು ಅವರ ಪಕ್ಕದಲ್ಲಿ ಕುಳಿತು ನಾನೂ ಕೇಳಿಸಿಕೊಂಡೆ. ‘ವಷರ್’, ‘ಅಜಿರ್’, ‘ಕಾಯರ್’ ಎಂದು ಅದು ಓದುತ್ತಾ ಹೋದಾಗ, ಅವರು ಪ್ರತಿಯೊಂದು ಪದಕ್ಕೂ ನಿಂತು, ಅರ್ಕಾವತ್ತನ್ನು ಮನಸ್ಸಿನಲ್ಲಿಯೇ ಹಿಂದಕ್ಕೆ ಸರಿಸಿ ಅರ್ಥ ಮಾಡಿಕೊಳ್ಳುತ್ತಿದ್ದರು. ನಮಗೆ ಎರಡು ನಿಮಿಷದ ಸುತ್ತೋಲೆ ಅವರಿಗೆ ಕಾಲು ಗಂಟೆ ಹಿಡಿಯಿತು. ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಮಾಹಿತಿ ಅವರಿಗೆ ಎಟಕುವಂತಿರಬೇಕೆಂಬುದು ಅದರ ಆಶಯ.

ಒತ್ತಕ್ಷರ ಒಡೆಯುವುದನ್ನು ತಪ್ಪಿಸಲು ಇಡೀ ಪುಟವನ್ನೇ ಚಿತ್ರ ಮಾಡಿ ಪಿಡಿಎಫ್‌ಗೆ ಅಂಟಿಸುವ ಅಡ್ಡದಾರಿಯೊಂದು ನಮ್ಮ ವೃತ್ತಿಯಲ್ಲಿ ಬಳಕೆಯಲ್ಲಿದೆ. ಹಾಳೆಯೇನೋ ಅಂದವಾಗಿಯೇ ಬರುತ್ತದೆ. ಆದರೆ ಅದರಲ್ಲಿ ಒಂದು ಅಕ್ಷರವೂ ಇರುವುದಿಲ್ಲ. ಹುಡುಕಲಾಗದು, ನಕಲಿಸಲಾಗದು, ಓದಿಸಿಕೊಳ್ಳಲಾಗದು. 1843ರಲ್ಲಿ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದಾಗ ಪುಟವನ್ನು ಪೂರ್ತಿ ಕೈಬರಹದಿಂದ ಮೂಡಿಸಬೇಕಾದದ್ದು ಅಂದಿನ ಅನಿವಾರ್ಯತೆಯಾಗಿತ್ತು. ಕನ್ನಡದ ಎಲ್ಲ ಅಕ್ಷರರೂಪಗಳೂ ಬೆರಳ ತುದಿಯಲ್ಲಿರುವ ಇಂದು ಪುಟವನ್ನು ಚಿತ್ರವಾಗಿಸುವುದಕ್ಕೆ ಅಂಥ ಯಾವ ಅನಿವಾರ್ಯತೆಯೂ ಇಲ್ಲ.

ಚೌಕಗಳ ವಿಷಯಕ್ಕೆ ಬರುತ್ತೇನೆ. ಕನ್ನಡದ ಜಾಗದಲ್ಲಿ ಸಾಲಾಗಿ ಖಾಲಿ ಚೌಕಗಳು ಮುದ್ರಣವಾದ ರಸೀದಿಗಳನ್ನು ಎಲ್ಲರೂ ನೋಡಿದ್ದೇವೆ. ಪ್ರೋಗ್ರಾಂ ಆರಿಸಿಕೊಂಡ ಫಾಂಟ್‌ನಲ್ಲಿ ಆ ಸಂಖ್ಯೆಗೆ ಗ್ಲಿಫ್ ಇಲ್ಲದಿದ್ದರೆ ಹೀಗಾಗುತ್ತದೆ. ಪ್ರೋಗ್ರಾಂ ಬರೆದವರ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಜೊತೆಗೆ ಬರುವ ತುಂಗಾ ಅಥವಾ ನಿರ್ಮಲಾ ಫಾಂಟ್ ಇರುವುದರಿಂದ ಅಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಅದನ್ನು ಒಯ್ದು ಕೂರಿಸುವ ಲಿನಕ್ಸ್ ಸರ್ವರ್‌ನಲ್ಲಿ ಹಲವು ಬಾರಿ ಕನ್ನಡ ಫಾಂಟ್ ಒಂದೂ ಇರುವುದಿಲ್ಲ. ಆ ಸರ್ವರ್‌ನಲ್ಲಿ ‘ಎಫ್‌ಸಿ-ಲಿಸ್ಟ್’ ಎಂಬ ಆಜ್ಞೆ ಕೊಟ್ಟು ಕನ್ನಡ ಬಲ್ಲ ಫಾಂಟ್‌ಗಳ ಪಟ್ಟಿ ಕೇಳಿದರೆ ಖಾಲಿ ಉತ್ತರ ಬರುತ್ತದೆ. ಕೇಳಿ ನೋಡುವವರು ಕಡಿಮೆ. ಪಿಡಿಎಫ್ ಮಾನಕ ಮೊದಲಿನಿಂದ ಹೆಸರಿಸಿದ 14 ಮೂಲ ಫಾಂಟ್‌ಗಳಲ್ಲಿಯೂ ಕನ್ನಡದ್ದು ಒಂದೂ ಇಲ್ಲ. ಆದ್ದರಿಂದ ಕನ್ನಡ ಫಾಂಟನ್ನು ಪ್ರೋಗ್ರಾಂ ಜೊತೆಯಲ್ಲಿಯೇ ಒಯ್ಯಬೇಕು, ಬಳಸಿದ ಗ್ಲಿಫ್‌ಗಳನ್ನು ಪಿಡಿಎಫ್‌ನ ಒಳಗೇ ಸೇರಿಸಬೇಕು. ದೀರ್ಘಕಾಲ ಕಾಪಾಡಬೇಕಾದ ದಾಖಲೆಗಳಿಗೆಂದು 2005ರಲ್ಲಿ ರೂಪುಗೊಂಡ ಪಿಡಿಎಫ್/ಎ ಮಾನಕವು ಫಾಂಟ್ ಸೇರಿಸುವುದನ್ನು ಕಡ್ಡಾಯ ಮಾಡಿದೆ. ಇದಕ್ಕೆ ಹಣದ ನೆಪ ಹೇಳುವಂತಿಲ್ಲ. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಲೋಹಿತ್ ಕನ್ನಡ, ತಿರೋ ಕನ್ನಡ, ಅನೇಕ್ ಕನ್ನಡ ಇವೆಲ್ಲವೂ ಮುಕ್ತ ಪರವಾನಗಿಯಲ್ಲಿವೆ. ಬಳಸಲು, ಹಂಚಲು, ದಾಖಲೆಯೊಳಗೆ ಸೇರಿಸಲು ಯಾರ ಅಪ್ಪಣೆಯೂ ಬೇಡ.

ಹೆಸರುಗಳು ಕೆಡುವ ಇನ್ನೂ ಕೆಲವು ದಾರಿಗಳಿವೆ. ಯೂನಿಕೋಡ್ ಸಂಖ್ಯೆಗಳನ್ನು ಕಡತದಲ್ಲಿ ಬರೆದಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಖ್ಯೆಗೂ ಮೂರು ಬೈಟ್ ಜಾಗ ಬೇಕು. ಇಂಗ್ಲಿಷ್ ಹೆಸರುಗಳನ್ನು ಲೆಕ್ಕವಿಟ್ಟುಕೊಂಡು ಹೆಸರಿನ ಮನೆಗೆ ಮೂವತ್ತು ಬೈಟ್ ಸಾಕೆಂದು ಗೊತ್ತುಮಾಡಿದರೆ, ಮೂವತ್ತಮೂರು ಬೈಟ್‌ಗಳ ‘ಕೃಷ್ಣಮೂರ್ತಿ’ಯ ಕೊನೆಯ ಗುಡಿಸು ಉದುರಿ ‘ಕೃಷ್ಣಮೂರ್ತ’ ಉಳಿಯುತ್ತದೆ. ಒಡೆದ ಒತ್ತಾದರೆ ಕಣ್ಣಿಗೆ ಹೊಡೆದು ಕಾಣುತ್ತದೆ, ಇದು ಕಾಣುವುದೂ ಇಲ್ಲ. ಹಾಗೆಯೇ ‘ಸಾಫ್ಟ್‌ವೇರ್’ ಎಂಬಲ್ಲಿ ‘ವೇ’ ಒತ್ತಾಗದಂತೆ ತಡೆಯಲು, ‘ರ‍್ಯಾಂಕ್’ ಎಂಬಲ್ಲಿ ‘ರ’ ಅರ್ಕಾವತ್ತಾಗದಂತೆ ತಡೆಯಲು ನಡುವೆ ಕಾಣದ ಚಿಹ್ನೆಗಳನ್ನು ಇಡುತ್ತೇವೆ. ಕಾಣದ್ದೆಲ್ಲ ಕಸವೆಂದು ಬಗೆದು ದತ್ತಾಂಶವನ್ನು ಸ್ವಚ್ಛ ಮಾಡುವ ಪ್ರೋಗ್ರಾಂಗಳು ಅವನ್ನು ಅಳಿಸಿಹಾಕುತ್ತವೆ, ಮಗುವಿನ ‘ರ‍್ಯಾಂಕ್’ ಪತ್ರದಲ್ಲಿ ‘ರ್ಯಾಂಕ್’ ಎಂದು ಅಚ್ಚಾಗುತ್ತದೆ. ಇನ್ನು ‘ಗೋಪಾಲ’ದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಖ್ಯೆಯಾಗಿಯೂ ಇಡಬಹುದು, ಮೂರು ತುಂಡುಗಳಾಗಿಯೂ ಇಡಬಹುದು, ನೋಡಲು ಎರಡೂ ಒಂದೇ, ಹೋಲಿಸುವ ಯಂತ್ರಕ್ಕೆ ಬೇರೆ ಬೇರೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವುದು ಬಳಕೆಯಲ್ಲಿರುವ ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಸುಲಭವಾಗಿ ಆಗುವ ಕೆಲಸ.

ಈಗ ನನ್ನ ಕೋರಿಕೆ. ನಮ್ಮ ರಾಜ್ಯದಲ್ಲಿ 1963ರ ರಾಜಭಾಷಾ ಅಧಿನಿಯಮದಿಂದ ಹಿಡಿದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದವರೆಗೆ ಆಡಳಿತ ಕನ್ನಡದಲ್ಲಿ ನಡೆಯಬೇಕೆಂಬ ಕಾನೂನಿನ ಬಲವಿದೆ. ಆದರೆ ತಂತ್ರಾಂಶ ಕೊಳ್ಳುವಾಗ ಬರೆಯುವ ಷರತ್ತುಗಳಲ್ಲಿ, ನಾನು ಕಂಡಮಟ್ಟಿಗೆ, ‘ಕನ್ನಡ ಬೆಂಬಲ ಇರಬೇಕು’ ಎಂಬ ಒಂದೇ ವಾಕ್ಯವಿರುತ್ತದೆ. ಅದನ್ನು ಹೇಗೆ ಅಳೆಯಬೇಕೆಂದು ಇರುವುದಿಲ್ಲ. ಅಳತೆಯಿಲ್ಲದ ಷರತ್ತನ್ನು ಪೂರೈಸಿದ್ದೇವೆಂದು ಯಾರು ಬೇಕಾದರೂ ಹೇಳಬಹುದು. ಆ ಒಂದು ವಾಕ್ಯದ ಜಾಗದಲ್ಲಿ ಒಂದು ಪುಟದ ಪರೀಕ್ಷಾ ಪಠ್ಯವನ್ನು ಲಗತ್ತಿಸಬೇಕು. ತಂತ್ರಾಂಶ ಒಪ್ಪಿಸುವ ದಿನ, ಪ್ರೋಗ್ರಾಂ ಬರೆದವರ ಲ್ಯಾಪ್‌ಟಾಪ್‌ನಲ್ಲಿ ಅಲ್ಲ, ಕಚೇರಿಯ ಸರ್ವರ್‌ನಲ್ಲಿಯೇ ಆ ಪಠ್ಯವನ್ನು ಪಿಡಿಎಫ್ ಮಾಡಿಸಬೇಕು. ಅದನ್ನು ಕಾಗದಕ್ಕೆ ಮುದ್ರಿಸಿ, ಕನ್ನಡ ಓದಬಲ್ಲ ಒಬ್ಬರು ಒತ್ತಿನ ಬುಡದವರೆಗೂ ಕಣ್ಣಾಡಿಸಿ ಓದಬೇಕು. ಬಳಿಕ ಅದೇ ಪಿಡಿಎಫ್‌ನಿಂದ ಪಠ್ಯವನ್ನು ನಕಲು ಮಾಡಿ ಮೂಲದ ಪಕ್ಕದಲ್ಲಿಟ್ಟು ಹೋಲಿಸಬೇಕು, ಸಾಧ್ಯವಾದರೆ ತೆರೆಯೋದುಗ ಬಳಸುವವರೊಬ್ಬರಿಂದ ಕೇಳಿಸಬೇಕು. ಇಷ್ಟಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬೇಡ, ತಾಂತ್ರಿಕ ಪರಿಣತಿಯೂ ಬೇಡ. ನಮ್ಮ ತಾಯಿಯವರಷ್ಟು ಕನ್ನಡ ಬಂದರೆ ಸಾಕು. ಒಂದು ಪದ ತಪ್ಪಿದರೂ ಹಣ ಪಾವತಿಯಾಗಬಾರದು. ಶಾಲೆ, ಸಹಕಾರ ಸಂಘ, ಖಾಸಗಿ ಸಂಸ್ಥೆಗಳಿಗೂ ಇದೇ ಮಾತು.

ನನ್ನ ವೃತ್ತಿಬಾಂಧವರಲ್ಲಿಯೂ ಒಂದು ಬೇಡಿಕೆಯಿದೆ. ಪ್ರೋಗ್ರಾಂ ಬದಲಾದಾಗಲೆಲ್ಲ ತಾನಾಗಿ ಓಡುವ ಪರೀಕ್ಷೆಗಳನ್ನು ನಾವು ಬರೆಯುತ್ತೇವಲ್ಲ, ಅವುಗಳಲ್ಲಿ ಕನ್ನಡದ ಹೆಸರುಗಳನ್ನು ಇಡೋಣ. ಈಗ ಅಲ್ಲಿ ಇರುವ ಹೆಸರುಗಳು ಬಹುತೇಕ ಇಂಗ್ಲಿಷಿನವೇ. ಕನ್ನಡವೆಂದು ಇಟ್ಟರೂ ‘ರಮ’, ‘ಸರಳ’ದಂಥ ಒತ್ತಿಲ್ಲದ ಹೆಸರುಗಳನ್ನು ಇಟ್ಟರೆ ಪರೀಕ್ಷೆ ಪಾಸಾಗುತ್ತದೆ, ಹಾಳೆ ಒಡೆಯುತ್ತದೆ.

ನಮ್ಮ ತಾಯಿಯವರ ಪ್ರಮಾಣಪತ್ರದ ವಿಷಯ ಹೇಳಿಬಿಡುತ್ತೇನೆ. ಮೂರನೆಯ ಸಲ ಹೋದಾಗ ಅಧಿಕಾರಿಯೊಬ್ಬರು ಅಚ್ಚಾದ ಹೆಸರಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ನೀಲಿ ಶಾಯಿಯಿಂದ ದುಂಡಗೆ ಬರೆದು, ಮೊಹರು ಹಾಕಿಕೊಟ್ಟರು. ಬ್ಯಾಂಕಿನವರು ಅದನ್ನು ಒಪ್ಪಿದರು. ಆ ತಂತ್ರಾಂಶ ಇನ್ನೂ ಹಾಗೆಯೇ ಇದೆ. ನಾನು ಬಳಸುವ ಪರೀಕ್ಷಾ ಪುಟದ ಕೆಲವು ಪದಗಳನ್ನು ಇಲ್ಲಿ ಬರೆಯುತ್ತಿದ್ದೇನೆ, ಯಾರು ಬೇಕಾದರೂ ತೆಗೆದುಕೊಂಡು ತಮ್ಮ ಕಚೇರಿಯಲ್ಲಿ ನಾಳೆಯೇ ಮುದ್ರಿಸಿ ನೋಡಬಹುದು: ಕರ್ನಾಟಕ, ರಾಷ್ಟ್ರ, ಸ್ತ್ರೀ, ಲಕ್ಷ್ಮಿ, ಜ್ಞಾನ, ಕೃಷ್ಣಮೂರ್ತಿ, ಅರ್ಘ್ಯ, ವೈದ್ಯ, ಗೋಪಾಲ, ಸಾಫ್ಟ್‌ವೇರ್, ರ‍್ಯಾಂಕ್, ಪ್ರಮಾಣಪತ್ರ.

ವಂದನೆಗಳೊಂದಿಗೆ,

ತಮ್ಮ ಓದುಗ,
ದಾವಣಗೆರೆ